ಕದಕ್ಕೊಂದು ಚಿಲಕ, ಕೂಸಿಗೊಂದು ಒಳಲೆ ಹಾಲು

ಬೆಳಗಾವಿಯ ಮಹಾಂತೇಶ ನಗರದಲ್ಲಿ, ಕಣಬರ್ಗಿ ರಸ್ತೆಯಲ್ಲಿ, ಜಿಲ್ಲಾ ಸಹಕಾರಿ ಹಾಲು ಒಕ್ಕೂಟದ ಡೇರಿ ಇದೆ. ಜಿಲ್ಲೆಯ ಹಳ್ಳಿಗಳಲ್ಲಿ ಬೆಳಿಗ್ಗೆ, ಸಂಜೆ ಕರೆದ ಹಾಲು ಇಲ್ಲಿಗೆ ಬರುತ್ತದೆ. ಹಾಲು ಕೆಡಬಾರದೆಂದು ಹಳ್ಳಿಯಿಂದ ಡೇರಿಯವರೆಗೆ ಎಷ್ಟೊಂದು ವ್ಯವಸ್ಥೆ! ಸಂಘದಲ್ಲಿ ಅಳೆಯುತ್ತಾರೆ, ಜಿಡ್ಡು ಪರೀಕ್ಷಿಸುತ್ತಾರೆ, 4 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ತಣಿಸುತ್ತಾರೆ, ತಣ್ಣಗಿನ ಟ್ಯಾಂಕರಿನಲ್ಲಿ ಸಾಗಿಸುತ್ತಾರೆ. ಎಮ್ಮೆ ಆಕಳುಗಳ ಹಾಲಿಗೆ ಇಷ್ಟು ಕಾಳಜಿ ಇರುವುದು ಸರಿಯೇ. ಸಾವಿರಾರು ಮನೆಗಳ ಒಲೆ ಉರಿಯುವುದು ಅದರಿಂದ.

ಅದೇ ಬಡಾವಣೆಯಿಂದ ದಿನವೂ ಬೆಳಿಗ್ಗೆ ಬ್ಯಾಂಕಿಗೆ, ಆಸ್ಪತ್ರೆಗೆ, ಅಂಗಡಿಗೆ, ಶಾಲೆಗೆ ಕೆಲಸಕ್ಕೆ ಹೊರಡುವ ಎಳೆ ಬಾಣಂತಿಯರೂ ಇದ್ದಾರೆ. ನಾಲ್ಕೈದು ತಿಂಗಳ ಕೂಸನ್ನು ಅಜ್ಜಿಯ ಕೈಗಿಟ್ಟು ಬಸ್ಸು ಹತ್ತುವ ತಾಯಿಗೆ ಮಧ್ಯಾಹ್ನದ ಹೊತ್ತಿಗೆ ಎದೆ ಭಾರವಾಗುತ್ತದೆ. ಆ ಹಾಲನ್ನು ತೆಗೆದಿಡಬೇಕು. ಇಲ್ಲವಾದರೆ ನೋವು, ಜ್ವರ, ಕೊನೆಗೆ ಹಾಲು ಬತ್ತುವುದು. ತೆಗೆಯುವುದಕ್ಕೆ ಬೇಕಾದದ್ದು ಒಂದು ಚಿಕ್ಕ ಕೋಣೆ, ಒಂದು ಕುರ್ಚಿ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ, ಇಪ್ಪತ್ತು ನಿಮಿಷ. ಇಷ್ಟು ಸಿಗುವ ಕಚೇರಿಗಳು, ಶಾಲೆಗಳು ಎಷ್ಟಿವೆ? ಸಿಗದವರು ಶೌಚಾಲಯದ ಬಾಗಿಲು ಹಾಕಿಕೊಂಡು, ನಿಂತುಕೊಂಡೇ, ಹಾಲನ್ನು ಹಿಂಡಿ ನೀರಿಗೆ ಬಿಟ್ಟು ಬರುತ್ತಾರೆ.

ಇದನ್ನು ‘ಹೆಂಗಸರ ಖಾಸಗಿ ವಿಷಯ’ ಎಂದು ಬದಿಗಿಡುವುದು ನಮ್ಮಲ್ಲಿ ರೂಢಿ. ಆದರೆ ಮರೆಯಾದ ಜಾಗ ಬೇಕೆನ್ನುವುದಕ್ಕೆ ಸಂಕೋಚವೊಂದೇ ಕಾರಣವಲ್ಲ. ಅದಕ್ಕೆ ಶರೀರ ವಿಜ್ಞಾನದ ಗಟ್ಟಿ ಆಧಾರವಿದೆ. ಜೀವಶಾಸ್ತ್ರದಲ್ಲಿ ಹಾರ್ಮೋನುಗಳ ಪಾಠ ಓದುವ ವಿದ್ಯಾರ್ಥಿಗಳಿಗೆ ಇದು ಪಠ್ಯದ ಹೊರಗಿನ ಸಂಗತಿಯೇನೂ ಅಲ್ಲ.

ಒಂಬತ್ತು ತಾಸಿನ ಲೆಕ್ಕ

ಹುಟ್ಟಿದ ಒಂದು ತಾಸಿನೊಳಗೆ ಕೂಸಿಗೆ ಎದೆಹಾಲು ಸಿಗಬೇಕು, ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ, ನೀರು ಸಹ, ಬೇಡ, ಆಮೇಲೆ ಬೇರೆ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲು ಕುಡಿಸುವುದನ್ನು ಮುಂದುವರಿಸಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ದೇಶದಲ್ಲಿ 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಆರು ತಿಂಗಳೊಳಗಿನ ಕೂಸುಗಳಲ್ಲಿ ಬರೀ ಎದೆಹಾಲಿನ ಮೇಲಿದ್ದವು ನೂರಕ್ಕೆ ಸುಮಾರು 64. ಉಳಿದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೂಸುಗಳಿಗೆ ನೀರೋ, ಆಕಳ ಹಾಲೋ, ಡಬ್ಬಿ ಪುಡಿಯೋ ಬೇಗನೆ ಶುರುವಾಗಿತ್ತು.

ಎದೆಹಾಲಿನ ನೂರು ಭಾಗದಲ್ಲಿ ಸುಮಾರು 87 ಭಾಗ ನೀರೇ. ಆದ್ದರಿಂದಲೇ ಬೇಸಿಗೆಯಲ್ಲಿ ಕೂಡ ಎಳೆಗೂಸಿಗೆ ಬೇರೆ ನೀರು ಬೇಕಿಲ್ಲ. ಉಳಿದದ್ದರಲ್ಲಿ ಸುಮಾರು 7 ಭಾಗ ಲ್ಯಾಕ್ಟೋಸ್ ಎಂಬ ಸಕ್ಕರೆ, 4 ಭಾಗದಷ್ಟು ಕೊಬ್ಬು, 1 ಭಾಗದಷ್ಟು ಪ್ರೋಟೀನು. ಆಕಳ ಹಾಲಿನಲ್ಲಿ ಪ್ರೋಟೀನು ಇದರ ಮೂರು ಪಟ್ಟು ಇರುತ್ತದೆ. ಕೆಲವೇ ತಿಂಗಳಲ್ಲಿ ದೊಡ್ಡದಾಗಿ ಬೆಳೆಯಬೇಕಾದ ಕರುವಿಗೆ ಅದು ಸರಿ, ಕೂಸಿನ ಎಳೆಯ ಮೂತ್ರಪಿಂಡಗಳಿಗೆ ಭಾರ. ಇದಲ್ಲದೆ ಎದೆಹಾಲಿನಲ್ಲಿ ರೋಗಾಣುಗಳನ್ನು ತಡೆಯುವ ಇಮ್ಯುನೋಗ್ಲಾಬ್ಯುಲಿನ್, ಲ್ಯಾಕ್ಟೋಫೆರಿನ್, ಲೈಸೋಜೈಮ್‌ಗಳಿವೆ. ತಾಯಿ ಯಾವ ಊರಿನ ಗಾಳಿ ನೀರಿನಲ್ಲಿದ್ದಾಳೋ ಆ ಊರಿನ ರೋಗಾಣುಗಳಿಗೆ ತಕ್ಕ ಪ್ರತಿಕಾಯಗಳು ಅವಳ ಹಾಲಿನಲ್ಲಿರುತ್ತವೆ. ಯಾವ ಡಬ್ಬಿಯಲ್ಲೂ ಇದನ್ನು ತುಂಬಲಾಗದು.

ಈಗ ಒಂದು ಸಾದಾ ಲೆಕ್ಕ. ಎದೆಹಾಲನ್ನೇ ನೆಚ್ಚಿದ ಕೂಸು ದಿನಕ್ಕೆ ಸರಾಸರಿ 750 ಮಿಲಿಲೀಟರಿನಷ್ಟು ಕುಡಿಯುತ್ತದೆ. ಮಹಾಂತೇಶ ನಗರದಿಂದ ಹೊರಟು ಖಾನಾಪುರ ತಾಲೂಕಿನ ಶಾಲೆಯೊಂದರಲ್ಲಿ ಪಾಠ ಮಾಡಿ ಮರಳಿ ಬರುವ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ಬೆಳಗಾವಿಯಿಂದ ಖಾನಾಪುರಕ್ಕೆ ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿ. ಅಲ್ಲಿಂದ ಜಾಂಬೋಟಿ, ಲೋಂಡಾ ಕಡೆಯ ಹಳ್ಳಿಗೆ ಮತ್ತೊಂದು ಬಸ್ಸು. ಹೋಗಿ ಬರುವುದೂ ಸೇರಿ ಒಂಬತ್ತು ತಾಸು ಎಂದಿಟ್ಟುಕೊಂಡರೆ, ದಿನದ ಇಪ್ಪತ್ನಾಲ್ಕು ತಾಸಿನಲ್ಲಿ ಆ ಹೊತ್ತಿನ ಪಾಲು ಸುಮಾರು 280 ಮಿಲಿಲೀಟರು. ಅಷ್ಟು ಹಾಲು ಮನೆಯಲ್ಲಿ ಕೂಸಿಗೆ ಬೇಕು. ಅಷ್ಟೇ ಹಾಲು ಶಾಲೆಯಲ್ಲಿ ತಾಯಿಯ ಎದೆಯಲ್ಲಿ ತುಂಬಿಕೊಳ್ಳುತ್ತದೆ. ಎರಡರ ನಡುವೆ ಇರುವುದು ದಾರಿ ಮಾತ್ರ.

‘ಹೊಲದಾಗ ಬೇವಿನ ಗಿಡಕ್ಕ ಜೋಳಗಿ ಕಟ್ಟಿ ನಾವು ಕೂಸಿಗೆ ಕುಡಸ್ಲಿಲ್ಲೇನ? ಈಗಿನವರಿಗೆ ಎಲ್ಲಾ ದೊಡ್ಡದು’ ಎನ್ನುವ ಅಜ್ಜಿಯರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಹೊಲದ ಕೆಲಸಕ್ಕೆ ಕೂಸೂ ತಾಯಿಯ ಜೊತೆಗೇ ಹೋಗುತ್ತಿತ್ತು. ಕಬ್ಬು ಕಡಿಯುವ ತಂಡಗಳಲ್ಲಿ ಇಂದಿಗೂ ಹೋಗುತ್ತದೆ. ಕೂಸು ಅತ್ತರೆ ಕುಡುಗೋಲು ಕೆಳಗಿಟ್ಟು ಗಿಡದ ನೆರಳಿಗೆ ಬಂದು ಕೂತರಾಯಿತು. ಕಚೇರಿ, ಕಾರ್ಖಾನೆ, ಶಾಲೆಗಳು ಬಂದ ಮೇಲೆ ಕೂಸು ಒಂದು ಕಡೆ, ತಾಯಿ ಒಂದು ಕಡೆ ಆದರು. ಜೋಳಿಗೆ ಕಟ್ಟುವ ಗಿಡ ಇಲ್ಲದಾಯಿತು. ಅದರ ಬದಲು ಏನು ಎಂಬುದೇ ಈಗಿನ ಪ್ರಶ್ನೆ.

ಹಾಲು ಇಳಿಯುವ ಬಗೆ

ಸ್ತನದೊಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಸಣ್ಣ ಸಣ್ಣ ಗೂಡುಗಳಿವೆ. ಅವುಗಳ ಒಳಗೋಡೆಯ ಜೀವಕೋಶಗಳು ರಕ್ತದಿಂದ ಸಾಮಗ್ರಿ ಪಡೆದು ಹಾಲು ತಯಾರಿಸುತ್ತವೆ. ಈ ಕೆಲಸಕ್ಕೆ ಪ್ರಚೋದನೆ ಕೊಡುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮುಂಭಾಗದಿಂದ ಬರುವ ಪ್ರೊಲ್ಯಾಕ್ಟಿನ್ ಹಾರ್ಮೋನು. ತಯಾರಾದ ಹಾಲು ಗೂಡುಗಳಲ್ಲಿ ಸಂಗ್ರಹವಾಗುತ್ತದೆ. ತಾನೇ ತಾನಾಗಿ ಹೊರಕ್ಕೆ ಹರಿದು ಬರುವುದಿಲ್ಲ.

ಪ್ರತಿ ಗೂಡಿನ ಸುತ್ತ ಬಲೆಯಂತೆ ಹೆಣೆದುಕೊಂಡ ಸ್ನಾಯುವಿನಂಥ ಜೀವಕೋಶಗಳಿವೆ. ಕೂಸು ಬಾಯಿ ಹಾಕಿದಾಗ ಮೊಲೆತೊಟ್ಟಿನ ನರಗಳ ಮೂಲಕ ಮೆದುಳಿಗೆ ಸುದ್ದಿ ಹೋಗುತ್ತದೆ. ಪಿಟ್ಯುಟರಿಯ ಹಿಂಭಾಗದಿಂದ ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಅದು ತಲುಪಿದೊಡನೆ ಆ ಬಲೆ ಬಿಗಿದು ಗೂಡುಗಳನ್ನು ಹಿಂಡುತ್ತದೆ, ಹಾಲು ನಾಳಗಳಿಗೆ ಧುಮುಕುತ್ತದೆ. ದನ ಸಾಕಿದವರು ಇದಕ್ಕೆ ‘ತೊರೆ ಬಿಡುವುದು’ ಎನ್ನುತ್ತಾರೆ. ಕೂಸಿನ ಅಳು ಕೇಳಿದರೆ, ಕೂಸಿನ ನೆನಪಾದರೆ ಸಾಕು, ಎಷ್ಟೋ ತಾಯಂದಿರಿಗೆ ತಾನಾಗಿಯೇ ತೊರೆ ಬಂದು ಕುಪ್ಪಸ ತೊಯ್ಯುತ್ತದೆ.

ಆಕ್ಸಿಟೋಸಿನ್ನಿಗೆ ಒಬ್ಬ ವೈರಿ ಇದ್ದಾನೆ: ಅಡ್ರಿನಲಿನ್. ಭಯ, ಗಾಬರಿ, ನಾಚಿಕೆ, ನೋವು ಯಾವುದಾದರೂ ಆದಾಗ ಹೊಮ್ಮುವ ಹಾರ್ಮೋನು ಅದು. ಹೊಸಬರು ಕರೆಯಲು ಕೂತರೆ, ನಾಯಿ ಬೊಗಳಿದರೆ ಆಕಳು ‘ಹಾಲು ಕದಿಯುತ್ತದೆ’ ಎಂದು ರೈತರು ಹೇಳುವುದು ಇದನ್ನೇ. 1941ರಲ್ಲಿ ಅಮೆರಿಕೆಯ ಮಿನೆಸೋಟಾ ವಿಶ್ವವಿದ್ಯಾಲಯದ ಎಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ಇದನ್ನು ಪ್ರಯೋಗದಿಂದ ತೋರಿಸಿದರು. ಆಕಳ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿದರು, ಕಾಗದದ ಚೀಲ ಉಬ್ಬಿಸಿ ಪಟ್ಟೆಂದು ಒಡೆದರು. ಬೆದರಿದ ಆಕಳು ಹಾಲು ಇಳಿಸಲಿಲ್ಲ. ಅಡ್ರಿನಲಿನ್ ಚುಚ್ಚಿದಾಗಲೂ ಪರಿಣಾಮ ಅದೇ ಆಯಿತು.

ಮನುಷ್ಯರ ವಿಷಯ ಬೇರೆಯೇ? 1948ರಲ್ಲಿ ಮೈಕೆಲ್ ನ್ಯೂಟನ್ ಮತ್ತು ನೈಲ್ಸ್ ನ್ಯೂಟನ್ ದಂಪತಿ ಒಬ್ಬ ತಾಯಿ ಮತ್ತು ಅವಳ ಏಳು ತಿಂಗಳ ಕೂಸಿನ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧವಾಗಿದೆ. ಹಾಲು ಕುಡಿಸುವಾಗ ಕೆಲವು ದಿನ ತಾಯಿಯನ್ನು ಸುಮ್ಮನೆ ಬಿಟ್ಟರು. ಇನ್ನು ಕೆಲವು ದಿನ ಅವಳ ಪಾದಗಳನ್ನು ಮಂಜುನೀರಿನಲ್ಲಿ ಇಡಿಸಿದರು, ಲೆಕ್ಕದ ಪ್ರಶ್ನೆಗಳನ್ನು ಕೇಳಿ ಕಾಡಿದರು. ಸುಮ್ಮನೆ ಬಿಟ್ಟ ದಿನಗಳಲ್ಲಿ ಕೂಸಿಗೆ ಸಿಕ್ಕ ಹಾಲು ಸರಾಸರಿ 168 ಗ್ರಾಂ. ಕಾಡಿದ ದಿನಗಳಲ್ಲಿ 99 ಗ್ರಾಂ. ಕಾಡುತ್ತಲೇ ಆಕ್ಸಿಟೋಸಿನ್ ಚುಚ್ಚಿದಾಗ ಮತ್ತೆ 153 ಗ್ರಾಂ. ಅಂದರೆ ಎದೆಯಲ್ಲಿ ಹಾಲು ಇತ್ತು, ಇಳಿಯಲಿಲ್ಲ ಅಷ್ಟೆ. ಪ್ರಯೋಗಕ್ಕೆ ಒಳಗಾದವಳು ಒಬ್ಬಳೇ ತಾಯಿ ಎಂಬುದು ನಿಜ. ಆದರೆ ಮನಸ್ಸಿನ ಒತ್ತಡದಿಂದ ಆಕ್ಸಿಟೋಸಿನ್ ಹೊಮ್ಮುವುದು ಕುಗ್ಗುತ್ತದೆ ಎಂಬುದನ್ನು ಮುಂದಿನ ಸಂಶೋಧನೆಗಳೂ ಎತ್ತಿಹಿಡಿದಿವೆ.

ಈಗ ಚಿಲಕದ ಮಹತ್ವ ತಿಳಿಯುತ್ತದೆ. ಯಾರು ಯಾವಾಗ ಕದ ತಳ್ಳುತ್ತಾರೋ ಎಂದು ಕಿವಿ ನೆಟ್ಟು ಕೂತ ತಾಯಿಯ ಮೈಯಲ್ಲಿ ಅಡ್ರಿನಲಿನ್ ಓಡಾಡುತ್ತಿರುತ್ತದೆ. ಎಷ್ಟು ಬೆಲೆಯ ಯಂತ್ರವಿದ್ದರೂ ಆಗ ಹಾಲು ಇಳಿಯುವುದು ಕಷ್ಟ. ಕದ ಭದ್ರವಾಗಿದೆ ಎಂಬ ನೆಮ್ಮದಿ ಇಲ್ಲಿ ಸೌಕರ್ಯವಲ್ಲ, ಹಾಲು ಬರಲು ಬೇಕಾದ ಸಾಮಗ್ರಿಗಳಲ್ಲೊಂದು.

ಹಾಲು ಕಟ್ಟಿಕೊಂಡರೆ

ತೆಗೆಯದೆ ಬಿಟ್ಟ ಹಾಲು ಏನಾಗುತ್ತದೆ? ಗೂಡುಗಳು ಬಿಗಿದು ಎದೆ ಕಲ್ಲಿನಂತಾಗುತ್ತದೆ. ಹಾಲು ಕಟ್ಟಿಕೊಳ್ಳುವುದು ಎಂದು ಮನೆಯ ಹಿರಿಯರು ಹೇಳುವುದು ಇದಕ್ಕೆ. ಹೀಗೇ ಮುಂದುವರಿದರೆ ಒಂದು ಕಡೆ ಕೆಂಪಗಾಗಿ, ಗಂಟಾಗಿ, ಚಳಿಜ್ವರ ಬರಬಹುದು. ಅದು ಸ್ತನದ ಉರಿಯೂತ. ಆಗ ತಡಮಾಡದೆ ವೈದ್ಯರ ಹತ್ತಿರ ಹೋಗಬೇಕು. ಆ ಹೊತ್ತಿನಲ್ಲಿ ಹಾಲು ಕುಡಿಸುವುದನ್ನು ನಿಲ್ಲಿಸಬೇಕು ಎಂಬುದು ತಪ್ಪು ತಿಳಿವಳಿಕೆ. ಸಾಮಾನ್ಯವಾಗಿ ವೈದ್ಯರು ಮುಂದುವರಿಸಲೇ ಹೇಳುತ್ತಾರೆ.

ಇನ್ನೊಂದು ಪರಿಣಾಮ ಕಣ್ಣಿಗೆ ಕಾಣದು. ಹಾಲಿನ ಉತ್ಪತ್ತಿ ಬೇಡಿಕೆಗೆ ತಕ್ಕಂತೆ ನಡೆಯುತ್ತದೆ. ಗೂಡುಗಳಲ್ಲಿ ಹಾಲು ಹಾಗೇ ಉಳಿದರೆ ‘ಇಷ್ಟು ಬೇಕಿಲ್ಲ’ ಎಂಬ ಸೂಚನೆ ಜೀವಕೋಶಗಳಿಗೆ ಸಿಕ್ಕು ತಯಾರಿಕೆ ಕುಗ್ಗುತ್ತದೆ. ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ ‘ನನಗ ಹಾಲ ಕಡಿಮಿ ಆತು’ ಎಂದು ತಾಯಿ ಕೊರಗುವುದು, ಮನೆಯವರು ಡಬ್ಬಿ ತರುವುದು, ಡಬ್ಬಿಯ ಹಾಲು ಕುಡಿದ ಕೂಸು ಎದೆಗೆ ಬರುವುದು ಕಡಿಮೆಯಾಗಿ ಹಾಲು ಇನ್ನಷ್ಟು ಬತ್ತುವುದು, ಹೀಗೆ ಚಕ್ರ ಸುತ್ತುತ್ತದೆ. ದೋಷ ತಾಯಿಯದಲ್ಲ. ನಡುಹಗಲಿನಲ್ಲಿ ಎರಡು ಸಲ ಹಾಲು ತೆಗೆಯಲು ಅವಳಿಗೆ ಜಾಗ ಸಿಕ್ಕಿದ್ದರೆ ಎಷ್ಟೋ ಮನೆಗಳಲ್ಲಿ ಈ ಚಕ್ರ ಶುರುವಾಗುತ್ತಲೇ ಇರಲಿಲ್ಲ.

ಕೈ ಮತ್ತು ಪಂಪು

ಹಾಲು ತೆಗೆಯಲು ಯಂತ್ರವೇ ಬೇಕೆಂದಿಲ್ಲ. ಕೈ ತೊಳೆದುಕೊಂಡು, ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿಟ್ಟು, ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಬಿಡುವುದು ಕ್ರಮ. ತೊಟ್ಟನ್ನೇ ಎಳೆಯಬಾರದು. ಹೆರಿಗೆಯಾದ ಆಸ್ಪತ್ರೆಯಲ್ಲಿ ದಾದಿಯರನ್ನು ಕೇಳಿದರೆ ಹೇಳಿಕೊಡುತ್ತಾರೆ. ಖರ್ಚಿಲ್ಲ, ವಿದ್ಯುತ್ತೂ ಬೇಡ.

ಪಂಪಿನ ತತ್ವ ಪ್ರೌಢಶಾಲೆಯ ಭೌತಶಾಸ್ತ್ರವೇ. ಅದು ಹಾಲನ್ನು ಹಿಡಿದು ಎಳೆಯುವುದಿಲ್ಲ. ಹೊರಗಿನ ವಾತಾವರಣದ ಒತ್ತಡ ಪಾದರಸದ 760 ಮಿಲಿಮೀಟರು. ಸಮುದ್ರ ಮಟ್ಟದಿಂದ 750 ಮೀಟರಿನಷ್ಟು ಎತ್ತರದಲ್ಲಿರುವ ಬೆಳಗಾವಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಬಟ್ಟಲಿನೊಳಗಿನ ಒತ್ತಡವನ್ನು ಪಂಪು ಇದಕ್ಕಿಂತ ತಗ್ಗಿಸುತ್ತದೆ. ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹಾಲು ಹರಿಯುತ್ತದೆ. ಆದರೆ ಗೂಡುಗಳನ್ನು ಹಿಂಡುವ ಕೆಲಸ ಆಕ್ಸಿಟೋಸಿನ್ನಿನದೇ. ಅದಿಲ್ಲದಿದ್ದರೆ ಪಂಪಿಗೆ ಸಿಗುವುದು ನಾಳಗಳಲ್ಲಿರುವ ಕೆಲವೇ ಹನಿ.

ಈ ಯಂತ್ರದ ಚರಿತ್ರೆಯೂ ಸ್ವಾರಸ್ಯದ್ದು. 1920ರ ದಶಕದಲ್ಲಿ ಸುಧಾರಿತ ಪಂಪೊಂದನ್ನು ರೂಪಿಸಿದ ಎಡ್ವರ್ಡ್ ಲಾಸ್ಕರ್ ವೃತ್ತಿಯಿಂದ ಎಂಜಿನಿಯರ್. ಜಗತ್ತು ಅವರನ್ನು ನೆನೆಯುವುದು ಚದುರಂಗದ ಆಟಗಾರರೆಂದು. 1956ರಲ್ಲಿ ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್ ನೋವು ಕಡಿಮೆ ಮಾಡುವ ಹಾಗೆ ಅದನ್ನು ತಿದ್ದಿದರು. ಬಹುಕಾಲ ಆಸ್ಪತ್ರೆಗಳಲ್ಲೇ ಉಳಿದಿದ್ದ ಪಂಪು ಈಗ ಕೈಚೀಲಕ್ಕೆ ಹಿಡಿಯುವಷ್ಟು ಚಿಕ್ಕದಾಗಿದೆ. ಚಿಕ್ಕದಾಗದೆ ಉಳಿದಿರುವುದು ಕೂತು ಬಳಸುವ ಜಾಗದ ಸಮಸ್ಯೆ.

ಮಂಜುಗಡ್ಡೆಯ ಲೆಕ್ಕ

ತೆಗೆದ ಹಾಲನ್ನು ಸಂಜೆಯವರೆಗೆ ಹೇಗೆ ಇಡುವುದು? 25 ಡಿಗ್ರಿ ಸೆಲ್ಸಿಯಸ್ಸಿನವರೆಗಿನ ಕೋಣೆಯಲ್ಲಿ ಮುಚ್ಚಿಟ್ಟ ಹಾಲು ನಾಲ್ಕು ತಾಸು ಕೆಡದೆ ಇರುತ್ತದೆ. ಬೆಳಗಾವಿ, ಖಾನಾಪುರಗಳ ಮಳೆಗಾಲ, ಚಳಿಗಾಲಕ್ಕೆ ಈ ಲೆಕ್ಕ ಸರಿ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಸಾಲದು. ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ನಾಲ್ಕು ದಿನದವರೆಗೆ ಇಡಬಹುದು. ಶಾಲೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಶಾಖ ನಿರೋಧಕ ಚೀಲ, ಅದರೊಳಗೆ ಗಟ್ಟಿಯಾಗಿ ಹೆಪ್ಪುಗಟ್ಟಿಸಿದ ಮಂಜಿನ ಪೊಟ್ಟಣ. ಹೀಗೆ ಇಟ್ಟರೆ ಒಂದು ದಿನದವರೆಗೂ ಭಯವಿಲ್ಲ.

ಎಷ್ಟು ಮಂಜುಗಡ್ಡೆ ಬೇಕು? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. 200 ಗ್ರಾಂ ಹಾಲನ್ನು ಮೈಯ ಬಿಸಿಯಾದ 37 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು, ನೀರಿನದೇ ವಿಶಿಷ್ಟ ಉಷ್ಣವೆಂದು ಹಿಡಿದರೆ, 200 × 33, ಅಂದರೆ 6,600 ಕ್ಯಾಲೊರಿ ಶಾಖವನ್ನು ಹೊರತೆಗೆಯಬೇಕು. ಒಂದು ಗ್ರಾಂ ಮಂಜುಗಡ್ಡೆ ಕರಗುವಾಗ 80 ಕ್ಯಾಲೊರಿ ಹೀರುತ್ತದೆ. 6,600ನ್ನು 80ರಿಂದ ಭಾಗಿಸಿದರೆ ಸುಮಾರು 83 ಗ್ರಾಂ. ಹಾಗಾದರೆ 200 ಗ್ರಾಮಿನ ಪೊಟ್ಟಣದಲ್ಲಿ ಹಾಲು ತಣಿದ ಮೇಲೂ ಅರ್ಧಕ್ಕಿಂತ ಹೆಚ್ಚು ಮಂಜು ಉಳಿಯುತ್ತದೆ. ಬಸ್ಸಿನ ಬಿಸಿಯಲ್ಲಿ ಚೀಲದೊಳಗೆ ನುಸುಳುವ ಶಾಖವನ್ನು ತಡೆದುಕೊಳ್ಳಲು ಆ ಉಳಿಕೆ ಬೇಕು. ಎರಡು ಪೊಟ್ಟಣ ಇಟ್ಟರೆ ಇನ್ನೂ ಒಳ್ಳೆಯದು.

ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಗ್ರಾಮೀಣ ಕುಂಬಾರಿಕೆಯ ತರಬೇತಿ ಸಂಸ್ಥೆಯೇ ಅಲ್ಲಿದೆ. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವಂತೆ ಹಾಲೂ ತಣ್ಣಗಿದ್ದೀತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಹರವಿಯ ಗೋಡೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುವುದು ನಿಜ. ಆದರೆ ಒಣ ಹವೆಯಲ್ಲಿ ಕೂಡ ಅದು ಕೆಲವು ಡಿಗ್ರಿಯನ್ನಷ್ಟೇ ಇಳಿಸುತ್ತದೆ, 4 ಡಿಗ್ರಿಗೆ ತರಲಾರದು. ಗಾಳಿಯೇ ತೇವವಾಗಿರುವ ಮಳೆಗಾಲದಲ್ಲಂತೂ ಅಷ್ಟೂ ಇಲ್ಲ. ಆದ್ದರಿಂದ ಮಂಜಿನ ಚೀಲಕ್ಕೆ ಹರವಿ ಬದಲಿಯಲ್ಲ.

ಮನೆಯಲ್ಲಿ ಕುಡಿಸುವವರಿಗೆ ನಾಲ್ಕು ಮಾತು. ತಣ್ಣಗಿನ ಹಾಲನ್ನು ಒಲೆಯ ಮೇಲೆ ಕುದಿಸಬಾರದು, ರೋಗನಿರೋಧಕ ಪ್ರೋಟೀನುಗಳು ಹಾಳಾಗುತ್ತವೆ. ಮೈಕ್ರೋವೇವ್ ಒಲೆಯೂ ಬೇಡ, ಹಾಲು ಅಲ್ಲಲ್ಲಿ ವಿಪರೀತ ಬಿಸಿಯಾಗಿ ಕೂಸಿನ ಬಾಯಿ ಸುಡಬಹುದು. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಮೇಲೆ ಕೆನೆ ನಿಂತಿದ್ದರೆ ಕೆಟ್ಟಿದೆ ಎಂದಲ್ಲ, ಮೆಲ್ಲಗೆ ಕದಡಿದರೆ ಬೆರೆಯುತ್ತದೆ. ಕೂಸು ಕುಡಿದು ಬಿಟ್ಟ ಹಾಲನ್ನು ಎರಡು ತಾಸಿನ ನಂತರ ಇಡಬಾರದು. ಬಾಟಲಿಗಿಂತ, ನಮ್ಮ ಹಳೆಯ ಕಾಲದ ಒಳಲೆಯೇ ವಾಸಿ. ತೊಳೆಯಲು ಸುಲಭ, ಮೂಲೆ ಸಂದಿಗಳಿಲ್ಲ. ನವಜಾತ ಶಿಶುಗಳ ವಾರ್ಡುಗಳಲ್ಲಿ ಇಂದಿಗೂ ಅದನ್ನೇ ಬಳಸುತ್ತಾರೆ.

ಕಾನೂನಿನ ದಾರಿ

ಕೆಲಸದ ಹೊತ್ತಿನಲ್ಲಿ ಹಾಲು ಕುಡಿಸಲು ಬಿಡುವು ಕೊಡಬೇಕೆಂಬ ಮಾತು ಹೊಸದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿದ ವರ್ಷವೇ, 1919ರಲ್ಲಿ, ದಿನಕ್ಕೆ ಎರಡು ಸಲ ಅರ್ಧ ಅರ್ಧ ತಾಸಿನ ಬಿಡುವನ್ನು ತನ್ನ ಒಡಂಬಡಿಕೆಯಲ್ಲಿ ಸೇರಿಸಿತ್ತು. ನಮ್ಮ ದೇಶದಲ್ಲಿ ಹೆರಿಗೆ ಸೌಲಭ್ಯದ ಮೊದಲ ಕಾನೂನು ಬಂದದ್ದು 1929ರಲ್ಲಿ, ಬೆಳಗಾವಿಯೂ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ. ಅದಕ್ಕೂ ಮುಂಚೆ 1928ರಲ್ಲಿ ಪ್ರಾಂತದ ಶಾಸನ ಪರಿಷತ್ತಿನಲ್ಲಿ ಆ ಮಸೂದೆಯ ಪರವಾಗಿ ಮಾತಾಡಿದವರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಒಬ್ಬರು.

ಸ್ವಾತಂತ್ರ್ಯದ ನಂತರ 1961ರ ಹೆರಿಗೆ ಸೌಲಭ್ಯ ಕಾಯಿದೆ, ಸಾಮಾನ್ಯ ವಿರಾಮದ ಹೊರತಾಗಿ ದಿನಕ್ಕೆ ಎರಡು ಬಿಡುವುಗಳನ್ನು, ಕೂಸಿಗೆ 15 ತಿಂಗಳು ತುಂಬುವವರೆಗೆ, ತಾಯಿಗೆ ಕೊಟ್ಟಿತು. 2017ರ ತಿದ್ದುಪಡಿ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. ದಿನಗೂಲಿಯ ಮಹಿಳೆಯರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು 2000ದಲ್ಲೇ, ದೆಹಲಿ ನಗರಪಾಲಿಕೆಯ ಮೊಕದ್ದಮೆಯಲ್ಲಿ, ತೀರ್ಪಿತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ಎರಡು ಬಿಡುವು ಮತ್ತು ಶಿಶುವಿಹಾರದ ನಿಯಮಗಳು ಮುಂದುವರಿದಿವೆ.

26 ವಾರ ಎಂದರೆ ಆರು ತಿಂಗಳು, ಕೂಸಿಗೆ ಸಾಕಲ್ಲ ಎನ್ನಬಹುದು. ಆದರೆ ಇದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ಕಳೆದುಹೋಗಬಹುದು. ಹಾಗೆ ಪೂರ್ತಿ ಬಳಸಿದವರಿಗೆ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳು ಚಿಲ್ಲರೆ. ಬರೀ ಎದೆಹಾಲಿನ ಮೇಲಿರಬೇಕಾದ ಕೂಸನ್ನು ಬಿಟ್ಟು ತಾಯಿ ಕೆಲಸಕ್ಕೆ ಬರುವ ಹೊತ್ತು ಅದು. ಕಾನೂನು ಬಿಡುವನ್ನು ಕೊಟ್ಟಿದೆ, ದೊಡ್ಡ ಸಂಸ್ಥೆಗಳಿಗೆ ಶಿಶುವಿಹಾರ ಹೇಳಿದೆ. ಕೂಸು ಇಪ್ಪತ್ತೈದು ಕಿಲೋಮೀಟರು ದೂರದಲ್ಲಿದ್ದಾಗ ಹಾಲು ತೆಗೆದಿಡಲು ಕೋಣೆ ಕೊಡಬೇಕೆಂದು ಅದರಲ್ಲಿ ಬರೆದಿಲ್ಲ. ಐದಾರು ಶಿಕ್ಷಕರ ಶಾಲೆಗೆ ಶಿಶುವಿಹಾರದ ನಿಯಮವೂ ತಾಗುವುದಿಲ್ಲ.

ನ್ಯಾಯಾಲಯಗಳು ಒಂದು ಹೆಜ್ಜೆ ಮುಂದೆ ಹೋಗಿವೆ. 2021ರಲ್ಲಿ ಕರ್ನಾಟಕ ಹೈಕೋರ್ಟು, ಕಳುವಾಗಿ ಬೇರೆಡೆ ಬೆಳೆಯುತ್ತಿದ್ದ ಕೂಸನ್ನು ಹೆತ್ತ ತಾಯಿಗೆ ಒಪ್ಪಿಸುವ ಪ್ರಕರಣದಲ್ಲಿ, ಎದೆಹಾಲು ಕುಡಿಸುವುದು ತಾಯಿಯ ಹಕ್ಕು, ಸಂವಿಧಾನದ 21ನೆಯ ವಿಧಿಯ ರಕ್ಷಣೆ ಅದಕ್ಕಿದೆ ಎಂದಿತು. ಸಾರ್ವಜನಿಕ ಕಟ್ಟಡಗಳಲ್ಲಿ ಹಾಲು ಕುಡಿಸುವ ಕೋಣೆಗಳಿರಲಿ ಎಂದು ಕೇಂದ್ರ ಸರಕಾರ 2024ರ ಫೆಬ್ರುವರಿ 27ರಂದು ರಾಜ್ಯಗಳಿಗೆ ಪತ್ರ ಬರೆದಿತ್ತು. ಅದನ್ನು ಜಾರಿಗೆ ತರುವಂತೆ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ 2025ರ ಫೆಬ್ರುವರಿ 19ರಂದು ಹೇಳಿತು: ಇರುವ ಕಟ್ಟಡಗಳಲ್ಲಿ ಆದಷ್ಟು ಮಟ್ಟಿಗೆ, ಹೊಸ ಕಟ್ಟಡಗಳಲ್ಲಿ ನಕ್ಷೆಯ ಹಂತದಲ್ಲೇ.

ಅಮೆರಿಕೆಯ ಅನುಭವ ಶಾಲೆಗಳಿಗೆ ಪಾಠವಾಗಬಲ್ಲದು. ಅಲ್ಲಿ 2010ರಲ್ಲಿ ಬಂದ ಕಾನೂನು ಹಾಲು ತೆಗೆಯಲು ಜಾಗ ಕೊಡಬೇಕೆಂದಿತು, ಅದು ಶೌಚಾಲಯವಾಗಿರಕೂಡದು ಎಂದು ಸ್ಪಷ್ಟವಾಗಿ ಬರೆಯಿತು. ಆದರೆ ಶಿಕ್ಷಕಿಯರಂಥ ಅನೇಕರು ಅದರ ಹೊರಗೇ ಉಳಿದಿದ್ದರು. ಅವರನ್ನು ಒಳಗೆ ತಂದದ್ದು 2022ರ ಡಿಸೆಂಬರಿನ ಹೊಸ ಕಾನೂನು. ನಮ್ಮಲ್ಲಿ 2023-24ರ ರಾಜ್ಯ ಬಜೆಟ್ಟಿನಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 4,000 ‘ಕೂಸಿನ ಮನೆ’ಗಳು ಘೋಷಣೆಯಾದವು. ಉದ್ಯೋಗ ಖಾತರಿಯ ಕೆಲಸಕ್ಕೆ ಬರುವ ತಾಯಂದಿರ ಮಕ್ಕಳಿಗಾಗಿ ಅದು. ಗಿಡದ ಜೋಳಿಗೆಗೆ ಸಿಕ್ಕ ಸೂರು ಎನ್ನಬಹುದು.

ಶಾಲೆಯಲ್ಲಿ ಜಾಗ ಎಲ್ಲಿ?

ಹೊಸ ಕಟ್ಟಡ ಬರುವವರೆಗೆ ಕಾಯಬೇಕಿಲ್ಲ. ಕುರ್ಚಿ, ಚಿಕ್ಕ ಮೇಜು ಹಿಡಿಯುವಷ್ಟು ಜಾಗ, ಒಳ ಚಿಲಕ, ಕಿಟಕಿಗೆ ಪರದೆ, ಗಾಳಿ ಬೆಳಕು, ಒಂದು ವಿದ್ಯುತ್ ಪ್ಲಗ್ಗು, ಹತ್ತಿರದಲ್ಲಿ ಕೈ ತೊಳೆಯಲು ನೀರು ಮತ್ತು ಸಾಬೂನು, ‘ಒಳಗೆ ಜನ ಇದ್ದಾರೆ’ ಎಂದು ತೋರುವ ಒಂದು ಹಲಗೆ. ಗ್ರಂಥಾಲಯದ ಮೂಲೆ, ಆಟದ ಸಾಮಾನಿನ ಕೋಣೆ, ದಾಖಲೆಗಳ ಕೋಣೆ ಯಾವುದಾದರೂ ಆಗಬಹುದು. ಜಾಗ ತೀರಾ ಇಕ್ಕಟ್ಟಾಗಿದ್ದರೆ ಮರದ ಅಡ್ಡಗೋಡೆ ಹಾಕಿಸಿ ಕದ ಕೂರಿಸಬಹುದು. ವಿಜ್ಞಾನ ಪ್ರಯೋಗಾಲಯದ ಪಕ್ಕದ ಕೋಣೆಯನ್ನು ಮಾತ್ರ ಆರಿಸಬಾರದು. ಅಲ್ಲಿ ಆಮ್ಲ, ಅಮೋನಿಯಾಗಳ ಆವಿ ಇರುತ್ತದೆ. ರಾಸಾಯನಿಕಗಳನ್ನಿಡುವ ಫ್ರಿಜ್ಜಿನಲ್ಲಿ ಎಂದೂ ಹಾಲು ಇಡಬಾರದು. ಸಿಸಿ ಕ್ಯಾಮೆರಾ ಇರುವ ಕೋಣೆಯೂ ಸಲ್ಲ.

ಜಾಗಕ್ಕಿಂತ ಹೊತ್ತಿನ ಹೊಂದಾಣಿಕೆ ಕಷ್ಟ ಎನ್ನುವವರಿದ್ದಾರೆ. ಪಾಠದ ಅವಧಿ ನಲವತ್ತು ನಲವತ್ತೈದು ನಿಮಿಷ. ಹಾಲು ತೆಗೆದು, ಪಂಪು ತೊಳೆದಿಡಲು ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ವೇಳಾಪಟ್ಟಿ ಮಾಡುವಾಗ ಶಿಕ್ಷಕಿಯ ಬಿಡುವಿನ ಅವಧಿಯನ್ನು ಬೆಳಗಿನ ಮೂರನೆಯದಕ್ಕೆ ತಂದರೆ, ಊಟದ ವಿರಾಮದ ಕೊನೆಯನ್ನೋ ಮಧ್ಯಾಹ್ನದ ಇನ್ನೊಂದು ಬಿಡುವನ್ನೋ ಜೋಡಿಸಿದರೆ, ಯಾವ ತರಗತಿಯೂ ಖಾಲಿ ಕೂರುವುದಿಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇದು ಕಷ್ಟ. ಅಲ್ಲಿ ಆ ಇಪ್ಪತ್ತು ನಿಮಿಷ ಜೊತೆಯ ಶಿಕ್ಷಕರು ಎರಡು ತರಗತಿಗಳನ್ನೂ ನೋಡಿಕೊಳ್ಳಬೇಕಾಗುತ್ತದೆ. ಯಾರಾದರೂ ಕಾಯಿಲೆ ಬಿದ್ದಾಗ ದಿನವಿಡೀ ಮಾಡುವ ಕೆಲಸವೇ ಅದು.

ಎಲ್ಲಕ್ಕಿಂತ ದೊಡ್ಡ ತೊಡಕು ಬಾಯಿ ಬಿಟ್ಟು ಕೇಳುವುದು. ‘ಹೆಡ್ ಮಾಸ್ತರರಿಗೆ ಇಂಥಾದ್ದನ್ನ ಹೆಂಗ ಕೇಳೂದರಿ?’ ಎಂಬ ಸಂಕೋಚದಲ್ಲೇ ಎಷ್ಟೋ ತಾಯಂದಿರ ಹಾಲು ಬತ್ತಿದೆ. ಆದ್ದರಿಂದ ಕೇಳುವ ಭಾರವನ್ನು ತಾಯಿಯ ಮೇಲೆ ಹೊರಿಸದೆ, ಹೆರಿಗೆ ರಜೆಯ ಅರ್ಜಿ ಬಂದ ದಿನವೇ ಮುಖ್ಯಸ್ಥರು ‘ಮರಳಿ ಬಂದಾಗ ನಿಮಗೆ ಈ ಕೋಣೆ ಇದೆ, ಈ ಅವಧಿ ಬಿಡುವಿದೆ’ ಎಂದು ತಾವಾಗಿ ಹೇಳುವುದು ಉತ್ತಮ. ಬರವಣಿಗೆಯಲ್ಲಿ ಕೊಟ್ಟರೆ ಇನ್ನೂ ಉತ್ತಮ. ಮುಖ್ಯಸ್ಥರು ಬದಲಾದರೂ ವ್ಯವಸ್ಥೆ ಉಳಿಯುತ್ತದೆ.

ಪಾಲಕರಿಗೂ ಇದರಲ್ಲಿ ಪಾಲಿದೆ. ‘ಟೀಚರು ನಡುನಡುವೆ ಎದ್ದು ಹೋಗುತ್ತಾರೆ’ ಎಂದು ದೂರುವ ಮೊದಲು, ಅವರು ಹೋಗುವುದು ಇನ್ನೊಂದು ಮನೆಯ ಕೂಸಿನ ಊಟಕ್ಕಾಗಿ ಎಂದು ನೆನೆಯಬೇಕು. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕುಡಿಯುವ ನೀರು, ಶೌಚಾಲಯಗಳ ಮಾತು ಬಂದಾಗ ಈ ಕೋಣೆಯ ಮಾತನ್ನೂ ಎತ್ತಬಹುದು. ವಿದ್ಯಾರ್ಥಿಗಳು ಮಾಡಬೇಕಾದದ್ದು ಇನ್ನೂ ಸುಲಭ: ಮುಚ್ಚಿದ ಕದವನ್ನು ತಟ್ಟದಿರುವುದು, ಗುಸುಗುಸು ನಗದಿರುವುದು. ಹಾರ್ಮೋನಿನ ಪಾಠದಲ್ಲಿ ಪ್ರೊಲ್ಯಾಕ್ಟಿನ್, ಆಕ್ಸಿಟೋಸಿನ್ ಎಂದು ಬಾಯಿಪಾಠ ಮಾಡಿ ಅಂಕ ಪಡೆಯುವ ಹುಡುಗ, ಆ ಹಾರ್ಮೋನುಗಳು ಕೆಲಸ ಮಾಡುವ ಹೊತ್ತಿನಲ್ಲಿ ಕದದಾಚೆ ಗದ್ದಲ ಮಾಡಿದರೆ ಕಲಿತದ್ದೇನು?

ಪ್ರತಿವರ್ಷ ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ. ಆಸ್ಪತ್ರೆಗಳಲ್ಲಿ ಭಾಷಣ, ಭಿತ್ತಿಪತ್ರಗಳು ಇರುತ್ತವೆ. ಶಾಲೆಗಳು, ಕಚೇರಿಗಳು ಆ ವಾರ ಭಾಷಣದ ಬದಲು ಒಂದು ಕೆಲಸ ಮಾಡಬಹುದು. ಕಟ್ಟಡವನ್ನೊಮ್ಮೆ ಸುತ್ತಿ, ಹಳೆಯ ಬೆಂಚು, ಮುರಿದ ನಕ್ಷೆಗಳನ್ನು ತುಂಬಿಟ್ಟ ಒಂದು ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಬಡಗಿಯನ್ನು ಕರೆದು ಕದದ ಒಳಬದಿಗೆ ಚಿಲಕ ಕೂರಿಸಬೇಕು. ಬಡಗಿಗೆ ಅದು ಅರ್ಧ ತಾಸಿನ ಕೆಲಸ.